ಕೀಬೋರ್ಡೋ, ಕಂಪ್ಯೂಟರೋ? ದುಡ್ಡು ಬಿಚ್ಚುವ ಮೊದಲು

ಮನೆಯಲ್ಲೇ ಕೂತು ಭಾವಗೀತೆಗೊಂದು ಧಾಟಿ ಕೂಡಿಸಬೇಕು, ಗೆಳೆಯರ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಬೇಕು ಎಂದು ಹೊರಟವರಿಗೆ ಮೊದಲ ದಿನವೇ ಎರಡು ಬಗೆಯ ಸಲಹೆ ಸಿಗುತ್ತದೆ. ಆರ್ಕೆಸ್ಟ್ರಾದಲ್ಲಿ ನುಡಿಸಿ ಪಳಗಿದವರು ‘ಮೊದಲು ಒಳ್ಳೆಯ ಕೀಬೋರ್ಡ್ ತಗೊಳ್ಳಿ’ ಅನ್ನುತ್ತಾರೆ. ರೆಕಾರ್ಡಿಂಗ್ ಸ್ಟುಡಿಯೊದ ಹುಡುಗರು ‘ಲ್ಯಾಪ್‌ಟಾಪ್ ಇದೆಯಲ್ಲ ಸಾರ್, ಇನ್ನೇನು ಬೇಕು’ ಅನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಕೆಲಸದ ಮಟ್ಟಿಗೆ ಸರಿ. ನಿಮ್ಮ ಕೆಲಸ ಯಾವುದೆಂದು ಅವರಿಗೆ ಗೊತ್ತಿಲ್ಲ. ಹೊಸಬರಾಗಿದ್ದರೆ ನಿಮಗೂ ಇನ್ನೂ ಗೊತ್ತಿರಲಿಕ್ಕಿಲ್ಲ.

ಮೊದಲ ಹೆಜ್ಜೆ: ಏನನ್ನೂ ಕೊಳ್ಳದೆ ಒಂದು ಹಾಡು ಮುಗಿಸಿ

ಮೂರು ನಿಮಿಷದ ಹಾಡು ಸಾಕು. ಮ್ಯಾಕ್ ಅಥವಾ ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ. ವಿಂಡೋಸ್ ಇದ್ದರೆ ಎಲ್‌ಎಂಎಂಎಸ್ ಉಚಿತ. ರೀಪರ್ ಎಂಬ ತಂತ್ರಾಂಶವನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಎಫ್‌ಎಲ್ ಸ್ಟುಡಿಯೊದ ಪ್ರಯೋಗ ಆವೃತ್ತಿಗೆ ಮಾತ್ರ ಒಂದು ಕೊಕ್ಕೆ ಇದೆ: ಮಾಡಿದ ಕೆಲಸವನ್ನು ಉಳಿಸಬಹುದು, ಆದರೆ ದುಡ್ಡು ಕೊಡುವವರೆಗೆ ಅದನ್ನು ಮತ್ತೆ ತೆರೆಯಲಾಗದು. ಸ್ವರ ನುಡಿಸಲು ಸದ್ಯಕ್ಕೆ ಕಂಪ್ಯೂಟರಿನ ಟೈಪ್ ಮಾಡುವ ಕೀಲಿಗಳೇ ಸಾಕು.

ಕೆಲಸ ಮಾಡುವಾಗ ಪಕ್ಕದಲ್ಲೊಂದು ಕಾಗದ ಇಟ್ಟುಕೊಂಡು, ಎಲ್ಲೆಲ್ಲಿ ತಡವರಿಸಿದಿರೋ ಅದನ್ನು ಬರೆಯುತ್ತಾ ಹೋಗಿ. ಬೆರಳಿಗೆ ಜಾಗ ಸಾಲದೆ ಸಿಟ್ಟು ಬಂದಿದ್ದರೆ ನಿಮಗೆ ಬೇಕಾದದ್ದು ಕೀಗಳು. ತಾಳ ಕೂರಿಸಲು ಒದ್ದಾಡಿದ್ದರೆ ಪ್ಯಾಡ್. ದನಿ ರೆಕಾರ್ಡ್ ಮಾಡುವಾಗ ಫ್ಯಾನಿನ ಸದ್ದೇ ಹೆಚ್ಚಾಗಿದ್ದರೆ ಮೈಕು ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್ಫೇಸ್. ಫ್ಯಾನು ಆರಿಸುವುದೂ ಒಂದು ಪರಿಹಾರವೇ. ಧಾಟಿಯೇ ಹೊಳೆಯದೆ ಕೂತಿದ್ದರೆ, ಅದನ್ನು ಮಾರುವ ಅಂಗಡಿ ಎಲ್ಲಿಯೂ ಇಲ್ಲ.

ಹೀಗೆ ಹಾಡು ಮುಗಿಸಿದವರಲ್ಲಿ ಹೆಚ್ಚಿನವರು ಅಂದುಕೊಂಡದ್ದನ್ನು ಬಿಟ್ಟು ಬೇರೆಯದನ್ನೇ ಕೊಳ್ಳುತ್ತಾರೆ. ನಾನೂ ಹಾಗೇ. ದೊಡ್ಡ ಸಿಂಥಸೈಸರಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಮೈಕು, ಎರಡು ದಪ್ಪ ಪರದೆ ತಂದೆ.

ಎರಡನೆಯದು: ಮಂಚದ ಕೆಳಗೆ ನೋಡಿ

ಮಕ್ಕಳು ನಾಲ್ಕು ತಿಂಗಳು ಕಲಿತು ಬಿಟ್ಟ ಕೀಬೋರ್ಡ್ ಎಷ್ಟೋ ಮನೆಗಳ ಮಂಚದಡಿ ದೂಳು ತಿನ್ನುತ್ತಿರುತ್ತದೆ. ಅದನ್ನು ಎಳೆದು ಹಿಂಬದಿ ನೋಡಿ. ಚೌಕಾಕಾರದ ಯುಎಸ್‌ಬಿ ತೂತು ಅಥವಾ ಐದು ರಂಧ್ರಗಳ ದುಂಡನೆಯ ಮಿಡಿ ಸಾಕೆಟ್ ಇದ್ದರೆ ಅದನ್ನು ಕಂಪ್ಯೂಟರಿಗೆ ಜೋಡಿಸಬಹುದು. ಆಗ ಅದರೊಳಗಿನ ಸಪ್ಪೆ ಧ್ವನಿ ನಿಮಗೆ ಬೇಕಿಲ್ಲ. ಕೀಗಳು ಅದರದು, ಧ್ವನಿ ತಂತ್ರಾಂಶದ್ದು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲಿ ಎಂದು 1983ರಲ್ಲಿ ಬಂದ ಒಪ್ಪಂದ ಈ ಮಿಡಿ. ನಲವತ್ತು ವರ್ಷದ ಹಳೆಯ ಕೀಬೋರ್ಡೂ ಇಂದಿನ ಲ್ಯಾಪ್‌ಟಾಪಿಗೆ ಹೊಂದಿಕೊಳ್ಳುವುದು ಅದರ ಪುಣ್ಯದಿಂದ. ಬೇಕಿರುವುದು ಮಿಡಿಯಿಂದ ಯುಎಸ್‌ಬಿಗೆ ಒಂದು ಕೇಬಲ್ ಮಾತ್ರ.

ಹಳೆಯದು ಇಲ್ಲದಿದ್ದರೆ 25 ಕೀಗಳ ಮಿಡಿ ಕಂಟ್ರೋಲರ್ ಹತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದರಲ್ಲಿ ಸ್ವಂತ ಧ್ವನಿ ಇರುವುದಿಲ್ಲ ಎಂಬುದು ನೆನಪಿರಲಿ. ಕಂಪ್ಯೂಟರಿಲ್ಲದೆ ಅದು ಮೂಗ.

ಒತ್ತಿದ್ದು ಈಗ, ಕೇಳಿದ್ದು ಆಮೇಲೆ

ತಂತ್ರಾಂಶದ ನಿಜವಾದ ತೊಂದರೆ ಧ್ವನಿಯ ಗುಣದಲ್ಲಿಲ್ಲ, ತಡವಾಗಿ ಬರುವುದರಲ್ಲಿದೆ. ಕಂಪ್ಯೂಟರು ಧ್ವನಿಯನ್ನು ಸಣ್ಣ ಸಣ್ಣ ಕಂತೆಗಳಾಗಿ ಕಳಿಸುತ್ತದೆ. ಈ ಕಂತೆಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ, ಬಫರ್ 1024 ಇದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಎಂಟು ಮೀಟರ್ ಆಚೆ ಕೂತ ಮೃದಂಗವನ್ನು ಕೇಳಿಸಿಕೊಂಡು ಹಾಡಿದ ಹಾಗೆ. ಬಫರನ್ನು 128ಕ್ಕೆ ಇಳಿಸಿದರೆ ತಡ 3 ಮಿಲಿಸೆಕೆಂಡಿಗೆ ಇಳಿಯುತ್ತದೆ, ಮೃದಂಗ ಮಗ್ಗುಲಿಗೆ ಬಂದು ಕೂರುತ್ತದೆ. ಆದರೆ ಕಂಪ್ಯೂಟರಿಗೆ ಶಕ್ತಿ ಸಾಲದಿದ್ದರೆ ಆಗ ಧ್ವನಿ ಪಟಪಟ ಒಡೆಯತೊಡಗುತ್ತದೆ.

ಆದ್ದರಿಂದ ಪರೀಕ್ಷೆ ಹೀಗೆ ಮಾಡಿ. ವಿಂಡೋಸ್‌ನಲ್ಲಿ ತಡ ತಗ್ಗಿಸುವ ಆಸಿಯೊ ಡ್ರೈವರ್ ಹಾಕಿ (ಆಡಿಯೊ ಇಂಟರ್ಫೇಸ್ ಇಲ್ಲದವರಿಗೆ ಆಸಿಯೊ4ಆಲ್ ಎಂಬ ಉಚಿತ ಡ್ರೈವರ್ ಇದೆ), ಬಫರನ್ನು 128ಕ್ಕೆ ಇಟ್ಟು ಐದು ನಿಮಿಷ ನುಡಿಸಿ. ಒಡೆಯದಿದ್ದರೆ ನಿಮ್ಮ ಕಂಪ್ಯೂಟರು ವಾದ್ಯವಾಗಬಲ್ಲದು. 256ರಲ್ಲೂ ಒಡೆದರೆ ಪ್ಲಗಿನ್‌ಗಳಿಗೆ (ತಂತ್ರಾಂಶದೊಳಗೆ ಕೂರಿಸುವ ವಾದ್ಯಗಳಿಗೆ) ದುಡ್ಡು ಸುರಿಯಬೇಡಿ. ಸ್ವತಂತ್ರ ಕೀಬೋರ್ಡ್ ಕೊಳ್ಳಿ, ಇಲ್ಲವೇ ಕಂಪ್ಯೂಟರ್ ಬದಲಿಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಈ ಪರೀಕ್ಷೆ ಮಾಡುವುದು ದಂಡ. ಅದರ ತಡವೇ ಸಾಮಾನ್ಯವಾಗಿ ನೂರು ಮಿಲಿಸೆಕೆಂಡ್ ದಾಟಿರುತ್ತದೆ. ತಂತಿಯ ಹೆಡ್‌ಫೋನೇ ಆಗಬೇಕು.

ಗಮಕದ ಪ್ರಶ್ನೆ

ನಮ್ಮ ಸಂಗೀತ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೀಬೋರ್ಡಿನಲ್ಲಿ ಸ್ಥಾಯಿಗೆ ಹನ್ನೆರಡು ಕಟ್ಟಿಟ್ಟ ಸ್ವರಗಳು. ನಡುವಿನ ದಾರಿ ಬೇಕೆಂದರೆ ಎಡಗೈ ಬಳಿಯ ಪಿಚ್ ಬೆಂಡ್ ಚಕ್ರವೇ ಗತಿ. ಕಡಿಮೆ ಬೆಲೆಯ ಹಲವು ಕೀಬೋರ್ಡ್‌ಗಳಲ್ಲಿ ಆ ಚಕ್ರವೇ ಇರುವುದಿಲ್ಲ. ಕೊಳ್ಳುವಾಗ ನೂರಾರು ಟೋನುಗಳ ಪಟ್ಟಿ ಓದುವ ಬದಲು ಮೊದಲು ಇದನ್ನು ನೋಡಿ. ಚಕ್ರ ಇದ್ದರೂ ಅದು ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಗಳಷ್ಟೇ ಎಳೆಯುವಂತೆ ಹೊಂದಿಸಿರುತ್ತದೆ. ತೋಡಿ ರಾಗದ ಗಾಂಧಾರವನ್ನೇ ತೆಗೆದುಕೊಳ್ಳಿ. ಗಾಂಧಾರದ ಕೀ ಒತ್ತಿ ತೂಗಿದರೆ ಕೆಳಗೆ ರಿಷಭ, ಮೇಲೆ ಮಧ್ಯಮ ಎರಡೂ ಸರಿಯಾಗಿ ಸಿಗುತ್ತವೆ. ರಿಷಭದ ಕೀಯಿಂದಲೇ ಮಧ್ಯಮಕ್ಕೆ ಜಾರಿಸಬೇಕೆಂದರೆ ನಾಲ್ಕು ಅರ್ಧಸ್ವರ ಬೇಕು, ಚಕ್ರ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಈ ಮಿತಿಯನ್ನು ಬದಲಿಸಲು ಆಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ತೋರಿಸಲು ಹೇಳಿ. ತಂತ್ರಾಂಶದ ಹೆಚ್ಚಿನ ವಾದ್ಯಗಳಲ್ಲಿ ಇದನ್ನು ನೀವೇ ಹೊಂದಿಸಿಕೊಳ್ಳಬಹುದು.

ಕೀಬೋರ್ಡಿನಲ್ಲಿ ಗಮಕ ಬಾರದು ಎಂದು ಹಟ ಹಿಡಿದವರು ಚೆನ್ನೈನ ಕೆ. ಸತ್ಯನಾರಾಯಣನ್ ಅವರ ಕಛೇರಿ ಕೇಳಬೇಕು. ಬರುತ್ತದೆ, ಆದರೆ ಎಡಗೈಗೆ ವರ್ಷಗಟ್ಟಲೆ ಸಾಧನೆ ಬೇಕು. ವೀಣೆ, ಪಿಟೀಲು, ಕೊಳಲು ಮನೆಯಲ್ಲಿದ್ದರೆ ಗಮಕವನ್ನು ಅದರಲ್ಲೇ ನುಡಿಸಿ ರೆಕಾರ್ಡ್ ಮಾಡಿಕೊಳ್ಳುವುದು ಜಾಣತನ. ತಬಲಾ, ತಂಬೂರಿ ಧ್ವನಿಗಳೇ ಮುಖ್ಯವಾದರೆ ಯಮಹಾದ ಪಿಎಸ್‌ಆರ್-ಐ ಸರಣಿಯಂಥ, ಭಾರತಕ್ಕೆಂದೇ ಮಾಡಿದ ಕೀಬೋರ್ಡ್‌ಗಳನ್ನು ನೋಡಬಹುದು.

ವೇದಿಕೆ ಏರುವವರಿಗೆ

ಇಲ್ಲಿ ನನ್ನ ತೀರ್ಪಿನಲ್ಲಿ ಅನುಮಾನವಿಲ್ಲ: ಸ್ವತಂತ್ರ ಕೀಬೋರ್ಡ್. ಗಣೇಶೋತ್ಸವದ ಪೆಂಡಾಲಿನಲ್ಲಿ ಕರೆಂಟು ಹೋಗಿ ಬಂದರೆ ಅದು ಕೆಲವೇ ಸೆಕೆಂಡಿನಲ್ಲಿ ಎದ್ದು ಕೂರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ನಿಜ, ಆದರೆ ಸೆಕೆ, ಅಪ್‌ಡೇಟು, ಸಡಿಲ ಕೇಬಲ್ಲು ಎಂದು ಕೆಡಲು ನೂರು ದಾರಿ. ಫೋನಿನ ಶ್ರುತಿ ಆ್ಯಪ್ ಕೂಡ ಇದೇ ಜಾತಿ. ಒಮ್ಮೆ ನಾನು ಕೂತಿದ್ದ ಕಾರ್ಯಕ್ರಮದಲ್ಲಿ ಆಲಾಪನೆಯ ನಡುವೆ ಫೋನ್ ಬಂದು ಶ್ರುತಿ ನಿಂತು, ಸಭೆಗೆಲ್ಲ ರಿಂಗ್‌ಟೋನ್ ಕೇಳಿಸಿತು. ಆ್ಯಪ್ ಬಳಸುವುದಾದರೆ ಏರ್‌ಪ್ಲೇನ್ ಮೋಡ್ ಕಡ್ಡಾಯ. ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ರೂಪಿಸಿದವರು ನಮ್ಮ ಬೆಂಗಳೂರಿನವರೇ ಆದ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್. ಆ್ಯಪ್‌ಗಳ ಕಾಲದಲ್ಲೂ ಕಛೇರಿಗಳಲ್ಲಿ ಆ ಪೆಟ್ಟಿಗೆ ಉಳಿದುಕೊಂಡಿದೆಯೆಂದರೆ ಒಂದು ಕಾರಣ, ಅದಕ್ಕೆ ಯಾರೂ ಕರೆ ಮಾಡುವುದಿಲ್ಲ.

ಎಷ್ಟು ಕಾಲ ಬಾಳುತ್ತದೆ?

ವಾದ್ಯ, ತಂತ್ರಾಂಶ ಎರಡೂ ಸಾಯುತ್ತವೆ, ಸಾಯುವ ರೀತಿ ಬೇರೆ. ತಂತ್ರಾಂಶ ಒಂದು ದಿನ ಇದ್ದಕ್ಕಿದ್ದಂತೆ ತೆರೆಯುವುದಿಲ್ಲ. 2019ರಲ್ಲಿ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿ ಬಂದಾಗ 32-ಬಿಟ್ ಪ್ಲಗಿನ್‌ಗಳೆಲ್ಲ ಅದರಲ್ಲಿ ಕೈಕೊಟ್ಟವು. ಸೋನಾರ್ ಎಂಬ ಸಂಗೀತ ತಂತ್ರಾಂಶದ ಅಭಿವೃದ್ಧಿಯನ್ನು ಗಿಬ್ಸನ್ ಕಂಪನಿ 2017ರಲ್ಲಿ ನಿಲ್ಲಿಸಿದಾಗ ಬಳಕೆದಾರರು ಕಂಗಾಲಾದರು. ಮರುವರ್ಷ ಬ್ಯಾಂಡ್‌ಲ್ಯಾಬ್ ಕಂಪನಿ ಅದನ್ನು ಕೊಂಡು ಉಚಿತವಾಗಿ ಕೊಟ್ಟಿತು, ಅದು ಅದೃಷ್ಟ. ಹಾಡು ಮುಗಿದ ಕೂಡಲೇ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ ತೆಗೆದು ಹೊರಗಿನ ಡ್ರೈವಿನಲ್ಲಿಡಿ. ವಾದ್ಯವಾದರೆ ತೇವ, ದೂಳಿಗೆ ನಿಧಾನವಾಗಿ ಸೋಲುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಅದನ್ನು ಮುಚ್ಚಿ, ಜತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಪ್ರತಿಯೊಂದು ಕೀಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ಒಳಗಿನ ರಬ್ಬರು ಸವೆದಿದ್ದರೆ ಕೆಲವು ಕೀಗಳು ಮೌನವಾಗಿರುತ್ತವೆ, ಕೆಲವು ಕಿರುಚುತ್ತವೆ. ಬೆಂಡ್ ಚಕ್ರ ಬಿಟ್ಟ ಮೇಲೆ ನಡುವಿಗೇ ಮರಳಬೇಕು, ಇಲ್ಲದಿದ್ದರೆ ಶ್ರುತಿ ಸೇರುವುದಿಲ್ಲ. ಅಡಾಪ್ಟರು ಮೂಲದ್ದೇ ಇರಲಿ; ವೋಲ್ಟೇಜು, ಪಿನ್ನಿನ ಧನ-ಋಣ ಹೊಂದದಿದ್ದರೆ ವಾದ್ಯ ಸುಟ್ಟುಹೋಗಬಹುದು. ಅಂಗಡಿಗೆ ಹೋಗುವಾಗ ನಿಮ್ಮದೇ ಹೆಡ್‌ಫೋನ್, ಯುಎಸ್‌ಬಿ ಕೇಬಲ್, ಸಾಧ್ಯವಾದರೆ ಲ್ಯಾಪ್‌ಟಾಪೂ ಜತೆಗಿರಲಿ. ಜೋಡಿಸಿ ನೋಡಲು ಬಿಡದ ಅಂಗಡಿಯಿಂದ ಹಾಗೇ ಎದ್ದು ಬನ್ನಿ.