ವರ್ತನಾ ವ್ಯಸನವೂ ಒಂದು ಕಲಿಕೆ: ಒಂಬತ್ತನೆಯ ತರಗತಿಯ ಪಾಠಾನುಭವ

ಬೋಧನಾಭ್ಯಾಸದ ಎರಡನೆಯ ವಾರ. ಹಿಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿದ್ದ. ರಾತ್ರಿ ಎರಡರವರೆಗೆ ಮೊಬೈಲ್ ಗೇಮ್ ಆಡಿದ್ದನಂತೆ. ‘ನಿನಗೆ ಗೇಮಿನ ಹುಚ್ಚು ಹಿಡಿದಿದೆ’ ಎಂದೆ. ತರಗತಿ ನಕ್ಕಿತು. ಆಮೇಲೆ ಅವನು ನನ್ನ ಯಾವ ಪ್ರಶ್ನೆಗೂ ಉತ್ತರಿಸಲಿಲ್ಲ. ಪಾಠ ವೀಕ್ಷಿಸಿದ ಉಪನ್ಯಾಸಕರು ಹೀಗೆ ಬರೆದಿದ್ದರು: ‘ವರ್ತನೆಗೆ ಹೆಸರಿಟ್ಟಿರಿ, ಕಾರಣ ಹುಡುಕಿದಿರಾ?’

ಉತ್ತರದ ಬಹುಪಾಲು ನಾವು ಪರೀಕ್ಷೆಗೆಂದು ಓದಿದ ಸಿದ್ಧಾಂತಗಳಲ್ಲೇ ಇತ್ತು. ಪಾವ್ಲೋವ್ ಅವರ ಶಾಸ್ತ್ರೀಯ ಅನುಬಂಧನದಂತೆ, ಆಟದ ಸುಖದೊಡನೆ ಪದೇ ಪದೇ ಜೊತೆಯಾದ ಮೊಬೈಲ್ ಸದ್ದೇ ಮುಂದೆ ಆಸೆಯನ್ನು ಕೆರಳಿಸುತ್ತದೆ. ಬಂಡೂರ ಅವರ ಪ್ರಕಾರ ಗೆಳೆಯರನ್ನು ನೋಡಿಯೂ ವರ್ತನೆ ಕಲಿಯುತ್ತೇವೆ. ಪ್ರತಿಫಲ ಯಾವಾಗ ಸಿಗುವುದೆಂದು ತಿಳಿಯದಿದ್ದಾಗ ವರ್ತನೆ ಹೆಚ್ಚು ಗಟ್ಟಿಯಾಗುತ್ತದೆಂದು 1957ರಲ್ಲಿ ಫರ್ಸ್ಟರ್ ಮತ್ತು ಸ್ಕಿನ್ನರ್ ಪುನರ್ಬಲನದ ಅನುಸೂಚಿಗಳ ಕುರಿತ ಗ್ರಂಥದಲ್ಲಿ ವಿವರಿಸಿದರು. ಬೇಸರ, ಒಂಟಿತನ ಮರೆಯಲು ಆಡಿದರೆ ಅದು ಋಣ ಪುನರ್ಬಲನ. 1993ರಲ್ಲಿ ರಾಬಿನ್ಸನ್ ಮತ್ತು ಬೆರಿಡ್ಜ್ ಮಾದಕ ವ್ಯಸನದ ಬಗ್ಗೆ ಇನ್ನೊಂದು ಅಂಶ ಹೇಳಿದರು: ಬೇಕೆನಿಸುವುದು, ಹಿಡಿಸುವುದು ಎರಡೂ ಒಂದೇ ಅಲ್ಲ. ಸುಖ ಹೆಚ್ಚದಿದ್ದರೂ ಬೇಕೆಂಬ ಸೆಳೆತ ಬೆಳೆಯಬಲ್ಲದು.

ಮುಂದಿನ ಪಾಠಕ್ಕೆ ಉಪದೇಶ ಬಿಟ್ಟು ಚಟುವಟಿಕೆ ಯೋಜಿಸಿದೆ. ಎರಡು ಗುಂಪು, ಎರಡು ಡಬ್ಬಿ. ಮೊದಲ ಗುಂಪಿಗೆ ಎತ್ತಿದ ಪ್ರತಿ ಚೀಟಿಗೂ ಒಂದು ಕಡಲೆಮಿಠಾಯಿ. ಎರಡನೆಯದಕ್ಕೆ ಆಗೊಮ್ಮೆ ಈಗೊಮ್ಮೆ. ಬಳಿಕ ಎರಡರಲ್ಲೂ ಖಾಲಿ ಚೀಟಿಗಳನ್ನಷ್ಟೇ ಹಾಕಿದೆ. ಮೊದಲ ಗುಂಪು ಬೇಗ ಕೈಬಿಟ್ಟಿತು. ಎರಡನೆಯದು ‘ಇನ್ನೊಂದೇ ಸಲ ಮಿಸ್’ ಎನ್ನುತ್ತಲೇ ಇತ್ತು.

‘ಗೇಮಲ್ಲಿ ಪೆಟ್ಟಿಗೆ ತೆಗೆಯೋದೂ ಹಿಂಗೇ ಮಿಸ್.’ ಹೇಳಿದವನು ಅದೇ ಹುಡುಗ.

ಬಿಡುವಿನಲ್ಲಿ ಅವನ ಬಳಿ ಕ್ಷಮೆ ಕೇಳಿದೆ. ಅಮ್ಮನಿಗೆ ರಾತ್ರಿ ಪಾಳಿ, ಮನೆಯಲ್ಲಿ ಒಬ್ಬನೇ ಇದ್ದರೆ ನಿದ್ದೆ ಬರುವುದಿಲ್ಲ ಎಂದ. ಅವನನ್ನು ಕೇಳಿಯೇ ತರಗತಿ ಶಿಕ್ಷಕರಿಗೆ ತಿಳಿಸಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಗೇಮಿಂಗ್ ಅಸ್ವಸ್ಥತೆಯನ್ನು ಗುರುತಿಸಿದೆ. ಆದರೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಹಾನಿಯಾದರೂ ಮುಂದುವರಿದಿರಬೇಕು. ಸಾಮಾನ್ಯವಾಗಿ 12 ತಿಂಗಳು ಹೀಗಿರಬೇಕು. ಅದನ್ನು ನಿರ್ಧರಿಸುವವರು ತಜ್ಞರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಷಟ್’ ಕ್ಲಿನಿಕ್ ಇದೆ. ತೂಕಡಿಕೆ ಕಂಡು ಹೆಸರಿಡುವುದು ಶಿಕ್ಷಕರ ಕೆಲಸವಲ್ಲ.

ನನ್ನ ಪಾಠಯೋಜನೆಯ ಉದ್ದೇಶಗಳಲ್ಲಿ ಈಗ ಒಂದು ಸಾಲು ಸೇರಿದೆ: ವಿದ್ಯಾರ್ಥಿಯು ತನ್ನ ಅಭ್ಯಾಸದ ಹಿಂದಿನ ಪ್ರತಿಫಲವನ್ನು ಗುರುತಿಸುವನು. ಅದಕ್ಕೆ ಮೊದಲು ಗುರುತಿಸಬೇಕಾದವಳು ನಾನು.