ಕೈಲಿರೋದು ಏನು, ಮೊದಲು ನೋಡ್ಕೋ

ಬಾ ಮಗಾ, ಇಲ್ಲಿ ಕೂತ್ಕೋ. ಉಗಾದಿಗೆ ಅಂತ ನಮ್ಮೂರು ಅಗಳಿಗೆ ಬಂದೋನು ಬೆಳಗ್ಗಿಂದ ಲ್ಯಾಪ್‌ಟಾಪ್ ಮುಂದೆ ಹಲ್ಲು ಕಡೀತಿದ್ದೀಯ. ಒಬ್ಬಟ್ಟು ಆರಿಹೋಯ್ತು. ‘ಸಬ್‌ಸ್ಕ್ರಿಪ್ಟಬಲ್ ಅಲ್ಲ’ ಅಂತ ಪೈಥಾನ್ ಬೈದ್ರೆ ಅದರ ಮೇಲೆ ಯಾಕಪ್ಪ ಸಿಟ್ಟು? ನೀನು ಚೌಕ ಕಂಸ ಹಾಕಿ ‘ಮೊದಲನೇದು ಕೊಡು’ ಅಂದೆ. ನಿನ್ನ ಕೈಲಿರೋದಕ್ಕೆ ಮೊದಲನೇದು ಅಂತ ಒಂದಿಲ್ಲ. ನಿನ್ನ ಕೈ ಬಲು ಚುರುಕು. ಕಣ್ಣು ಮಾತ್ರ ಅದರ ಹಿಂದೆ ಓಡ್ತಾ ಇದೆ.

ಲಿಸ್ಟು, ಟ್ಯೂಪಲ್, ಸ್ಟ್ರಿಂಗು, ರೇಂಜು, ಇವೆಲ್ಲ ರೇಷನ್ ಅಂಗಡಿ ಮುಂದಿನ ಸಾಲಿದ್ದ ಹಾಗೆ. ಎಷ್ಟನೆಯವರು ಅಂತ ಕೇಳಬಹುದು. ಎಣಿಕೆ 0ಯಿಂದ ಶುರು, ಕೊನೆಯವರು -1. ಡಿಕ್ಷನರಿ ನಿಮ್ಮಜ್ಜಿಯ ಅಡುಗೆಮನೆ ಡಬ್ಬಿಗಳು. ‘ಮೂರನೇ ಡಬ್ಬಿ’ ಅಂದ್ರೆ ಅವಳು ಕದಲಲ್ಲ, ‘ಸಾಸಿವೆ’ ಅನ್ನು, ತಕ್ಷಣ ಕೈಗಿಡ್ತಾಳೆ. ಸೆಟ್ಟು ಕಣದಲ್ಲಿ ಸುರಿದ ಕಡ್ಲೆಕಾಯಿ ರಾಶಿ. ಅದರೊಳಗೆ ಕಲ್ಲಿದೆಯಾ ಅಂತ ಕೇಳಿದ್ರೆ ಹೇಳುತ್ತೆ. ಏಳನೇ ಕಾಯಿ ಯಾವುದು ಅಂದ್ರೆ ರಾಶಿ ಏನು ಹೇಳೀತು? ಸಂಖ್ಯೆಗೂ ಅಷ್ಟೇ. 1953, ನಮ್ಮ ಸೀಮೆ ಮದರಾಸು ಬಿಟ್ಟು ಆಂಧ್ರಕ್ಕೆ ಸೇರಿದ ವರ್ಷ. ಅದರ ಮೊದಲ ಅಂಕಿ ಬೇಕಾದ್ರೆ ಮೊದಲು ಅದನ್ನ ಸ್ಟ್ರಿಂಗ್ ಮಾಡ್ಕೋಬೇಕು.

ಜನರೇಟರು, ಮ್ಯಾಪು, ಜಿಪ್ಪು ನಲ್ಲೀಲಿ ಬರೋ ನೀರು. ಮೂರನೇ ಬಿಂದಿಗೆ ಬೇಕು ಅಂದ್ರೆ ಮೊದಲೆರಡು ತುಂಬಲೇಬೇಕು, ಹರಿದುಹೋದದ್ದು ಹಿಂದಕ್ಕೆ ಬರಲ್ಲ. ನೀರಿನ ಕಷ್ಟ ಗೊತ್ತಿರೋ ನಮ್ಮ ಸೀಮೆಯವನಿಗೆ ಇದನ್ನ ಬಿಡಿಸಿ ಹೇಳಬೇಕಾ? ಲಿಸ್ಟ್ ಅನ್ನೋ ತೊಟ್ಟಿಗೆ ತುಂಬಿಸ್ಕೋ, ಆಮೇಲೆ ಎಣಿಸು. ನೀನೇ ಬರೆದ ಕ್ಲಾಸಿಗೂ ಗೆಟ್‌ಐಟಂ ಅನ್ನೋ ಮೆಥಡ್ ಕೊಟ್ರೆ ಅದೂ ಕಂಸಕ್ಕೆ ಓಗೊಡುತ್ತೆ.

ಈಗ ನಿನ್ನ ತಪ್ಪಿಗೆ ಬರ್ತೀನಿ. ಬೈದ ಸಾಲನ್ನಲ್ಲ, ಅದರ ಮೇಲಿನ ಸಾಲು ಓದು. ಹುಣಸೆಹಣ್ಣಿನ ಬೆಲೆಗಳ ಲಿಸ್ಟಿಗೆ ‘ಸಾರ್ಟ್’ ಅಂದೆ, ಅದು ತಂದುಕೊಟ್ಟದ್ದನ್ನ ಹೊಸ ಹೆಸರಲ್ಲಿ ಇಟ್ಕೊಂಡೆ. ಸಾರ್ಟ್ ಇದ್ದ ಜಾಗದಲ್ಲೇ ಸಾಲು ಸರಿಮಾಡಿ ಬರಿಗೈಲಿ ಬರುತ್ತೆ ಮಗಾ. ಆ ಬರಿಗೈಗೇ ಪೈಥಾನ್‌ನಲ್ಲಿ ‘ನನ್’ ಅನ್ನೋದು. ಅದರಲ್ಲಿ ಮೊದಲ ಬೆಲೆ ಹುಡುಕೋದು, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು. ಹೊಸ ಲಿಸ್ಟೇ ಬೇಕಿದ್ರೆ ‘ಸಾರ್ಟೆಡ್’ ಇದೆ. ಫಂಕ್ಷನ್ ಬರೆದು ರಿಟರ್ನ್ ಮರೆತರೂ ಇದೇ ನನ್, ಇದೇ ಬೈಗುಳ. ಆ ಬೈಗುಳದ ಹೆಸರನ್ನೂ ಓದು. ಹತ್ತು ಜನರ ಸಾಲಲ್ಲಿ ಹದಿನೈದನೆಯವರನ್ನ ಕರೆದ್ರೆ ಇಂಡೆಕ್ಸ್‌ಎರರ್, ಸಾಲೇ ಅಲ್ಲದ್ದನ್ನ ಎಣಿಸಹೋದ್ರೆ ಟೈಪ್‌ಎರರ್. ನಿನಗೆ ಬಂದದ್ದು ಎರಡನೇದು.

ನಾನೂ ಎಡವಿದ್ದೀನಿ. ಹಳೇ ಪೈಥಾನ್‌ನಲ್ಲಿ ಡಿಕ್ಷನರಿಗೆ ‘ಕೀಸ್’ ಅಂದ್ರೆ ಲಿಸ್ಟೇ ಸಿಗ್ತಿತ್ತು, 0 ಹಾಕಿ ಮೊದಲನೇದು ಎತ್ಕೋತಿದ್ದೆ. 2008ರಲ್ಲಿ ಪೈಥಾನ್ 3 ಬಂದು ಆ ಪದ್ಧತಿ ಹೋಯ್ತು. ಈಗ ಸಿಗೋದು ಒಳಗಿರೋದನ್ನ ತೋರಿಸೋ ಕಿಟಕಿ ಅಷ್ಟೆ, ಅದಕ್ಕೆ ಇಂಡೆಕ್ಸ್ ಇಲ್ಲ. ವರ್ಷಗಟ್ಟಲೆ ಓಡಿದ ನನ್ನ ಪ್ರೋಗ್ರಾಂ ನಿಂತೇಹೋಯ್ತು. ಎರಡು ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ‘ಟೈಪ್’ ಅಂತ ಒಂದು ಮಾತು ಕೇಳಿದೆ, ಅರ್ಧ ನಿಮಿಷಕ್ಕೆ ಗುಟ್ಟು ಬಯಲಾಯ್ತು.

ಇನ್ನೊಂದು ನಮ್ಮ ಭಾಷೆಯವರಿಗೇ ಬೇಕಾದದ್ದು. ಅಗಳಿ ನಮ್ಮ ಬಾಯಲ್ಲಿ ಮೂರಕ್ಷರ. ಪೈಥಾನ್ ನಾಲ್ಕು ಎಣಿಸುತ್ತೆ: ಅ, ಗ, ಳ, ಆಮೇಲೆ ಗುಡಿಸು. ಯೂನಿಕೋಡ್‌ನಲ್ಲಿ ಗುಡಿಸಿಗೆ ಬೇರೆಯೇ ಸಂಕೇತ ಇದೆ. -1 ಅಂದ್ರೆ ‘ಳಿ’ ಬರಲ್ಲ, ಬರೀ ಗುಡಿಸು ಬರುತ್ತೆ. ನಾಳೆ ಇಲ್ಲಿನ ಕನ್ನಡ ಶಾಲೆ ಮಕ್ಕಳ ಹೆಸರಿನ ಮೊದಲಕ್ಷರ ತೆಗೆಯೋಕೆ 0 ಅಂತ ಹಾಕಿದ್ರೆ, ಶಿವಣ್ಣನ ‘ಶಿ’ ಹೋಗಿ ‘ಶ’ ಉಳಿಯುತ್ತೆ. ಇಂಥದ್ದನ್ನ ನಾವೇ ಕಾಯಬೇಕು, ಬೇರೆ ಯಾರ ಕಣ್ಣಿಗೂ ಬೀಳಲ್ಲ.

ಏಳು, ಆ ಸಾರ್ಟ್ ಸಾಲು ತಿದ್ದಿ ಬಾ. ಅಷ್ಟರಲ್ಲಿ ಒಬ್ಬಟ್ಟಿಗೆ ತುಪ್ಪ ಕಾಯಿಸೋಕೆ ಹೇಳ್ತೀನಿ.