ಕರಿಘಟ್ಟದ ಎತ್ತರವೆಷ್ಟು?

ಶ್ರೀರಂಗಪಟ್ಟಣದ ಬಳಿ, ಲೋಕಪಾವನಿ ನದಿಯ ಪಕ್ಕದಲ್ಲಿರುವ ಕರಿಘಟ್ಟವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಈ ಬೆಟ್ಟದ ಎತ್ತರವೆಷ್ಟೆಂದು ತರಗತಿಯಲ್ಲಿ ಕೇಳಿದರೆ ಇಂದು ಮೊಬೈಲ್ ಫೋನು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ: 822 ಮೀಟರು. ಉತ್ತರವೇನೋ ಸರಿ. ಆದರೆ ಅದನ್ನು ಬರೆದುಕೊಂಡ ಬಾಲಕನು ಬೆಟ್ಟದ ಬುಡದಲ್ಲಿ ನಿಂತು ತಲೆಯೆತ್ತಿದರೆ 822 ಮೀಟರಿನ ಶಿಖರವೇನೂ ಅವನಿಗೆ ಕಾಣದು. ಆ ಅಂಕಿ ಸಮುದ್ರಮಟ್ಟದಿಂದ ಎಣಿಸಿದ್ದು. ಶ್ರೀರಂಗಪಟ್ಟಣದ ನೆಲವೇ ಸುಮಾರು 680 ಮೀಟರು ಎತ್ತರದಲ್ಲಿದೆ. ಕಣ್ಣೆದುರಿನ ಬೆಟ್ಟ 140 ಮೀಟರಿನ ಆಸುಪಾಸಿನದು. ‘ಎಲ್ಲಿಂದ ಅಳೆದದ್ದು?’ ಎಂಬ ಪ್ರಶ್ನೆಯನ್ನು ಯಂತ್ರವು ತಾನಾಗಿ ಎತ್ತುವುದಿಲ್ಲ. ಅದು ಮಕ್ಕಳಿಂದಲೇ ಏಳುವಂತೆ ಮಾಡಬೇಕಾದವರು ಉಪಾಧ್ಯಾಯರು.

ಪಾಠಕ್ಕೆ ಯಂತ್ರವನ್ನು ಜೋಡಿಸುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಕಕ್ಷೆಗೇರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಬಿತ್ತರಿಸಲಾಯಿತು. ಪರದೆಯ ಮೇಲಿನ ಪಾಠ ಎಷ್ಟೇ ಸೊಗಸಾಗಿರಲಿ, ಹಿಂದಿನ ಸಾಲಿನ ಹುಡುಗಿಯ ಸಂದೇಹಕ್ಕಾಗಿ ಅದು ನಿಲ್ಲುವುದಿಲ್ಲವಷ್ಟೆ.

ಆದುದರಿಂದ ಫೋನು ಕೆಲಹೊತ್ತು ಜೇಬಿನಲ್ಲಿಯೇ ಇರಲಿ. ಒಂದು ಕೋನಮಾಪಕ, ಅದರ ನೇರ ಅಂಚಿಗೆ ಅಂಟಿಸಿದ ಕೊಳವೆ, ನಡುವಿನಿಂದ ಇಳಿಬಿಟ್ಟ ದಾರ, ದಾರದ ತುದಿಗೊಂದು ಕಲ್ಲು: ಇಷ್ಟೇ ಸಾಕು. ಬಯಲಿನಲ್ಲಿ ನಿಂತು ಕೊಳವೆಯ ಮೂಲಕ ನೆತ್ತಿಯನ್ನು ನೋಡಿದಾಗ ಉನ್ನತ ಕೋನ 16 ಡಿಗ್ರಿ ಇದೆಯೆಂದು ಭಾವಿಸೋಣ. ಅದೇ ನೇರದಲ್ಲಿ 520 ಮೀಟರು ಹಿಂದೆ ಸರಿದಾಗ ಅದು 8 ಡಿಗ್ರಿಗೆ ಇಳಿದರೆ, ಕಾಗದದ ಮೇಲೆ ತ್ರಿಭುಜಗಳನ್ನೆಳೆದು ಎತ್ತರ ಸುಮಾರು 143 ಮೀಟರೆಂದು ತಿಳಿಯಬಹುದು. ಎರಡನೆಯ ಕೋನವನ್ನು 9 ಎಂದು ಓದಿದರೋ, ಬೆಟ್ಟ ಒಮ್ಮೆಲೇ 184 ಮೀಟರಿಗೆ ಬೆಳೆಯುತ್ತದೆ! ಒಂದು ಡಿಗ್ರಿಯ ಬೆಲೆ ಏನೆಂಬುದು ಮಕ್ಕಳಿಗೆ ಆಗ ಮನದಟ್ಟಾಗುತ್ತದೆ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್‌ಟನ್ ಮುಂದೆ ದಕ್ಷಿಣ ಭಾರತವನ್ನು ಅಳೆದದ್ದೂ ತ್ರಿಭುಜಗಳಿಂದಲೇ; ಅವನ ಕೋನಮಾಪಕ ಮಾತ್ರ ಅರ್ಧ ಟನ್ ತೂಗುತ್ತಿತ್ತು.

ಈಗ ಫೋನನ್ನು ಹೊರತೆಗೆಯಬಹುದು. ಇಡೀ ತರಗತಿಗೆ ಒಂದಿದ್ದರೆ ಸಾಕು. ಉಪಗ್ರಹಗಳ ನೆರವಿನಿಂದ ಅದು ಮೊದಲು ಲೆಕ್ಕಹಾಕುವುದು ಭೂಮಿಯ ಆಕಾರಕ್ಕೆ ಹತ್ತಿರವಾದ ನುಣುಪಾದ ಗಣಿತಮೇಲ್ಮೈಯೊಂದರಿಂದ ಇರುವ ಎತ್ತರವನ್ನು. ದಕ್ಷಿಣ ಕರ್ನಾಟಕದಲ್ಲಿ ಸಮುದ್ರಮಟ್ಟವು ಈ ಮೇಲ್ಮೈಗಿಂತ ಸುಮಾರು 85 ಮೀಟರು ಕೆಳಗಿದೆ. ಈ ತಿದ್ದುಪಡಿ ಮಾಡದ ಆಪ್, ಕರಿಘಟ್ಟದ ನೆತ್ತಿಯಲ್ಲಿ 737ರ ಹತ್ತಿರದ ಅಂಕಿಯನ್ನು ತೋರಿಸೀತು. ಪುಸ್ತಕ ಸುಳ್ಳೋ, ಫೋನು ಸುಳ್ಳೋ ಎಂದು ಮಕ್ಕಳು ವಾದಿಸಲಿ. ಅನಂತರ ಬುಡದಲ್ಲೊಮ್ಮೆ, ಮೆಟ್ಟಿಲೇರಿ ನೆತ್ತಿಯಲ್ಲೊಮ್ಮೆ ಅದೇ ಫೋನಿನ ಅಂಕಿಯನ್ನು ಬರೆದುಕೊಂಡು ಒಂದರಿಂದ ಒಂದನ್ನು ಕಳೆಯಲಿ. ಎರಡರಲ್ಲಿಯೂ ಇದ್ದ ಆ 85 ಮೀಟರು ತಾನಾಗಿ ಅಳಿದು, ದಾರ ಮತ್ತು ಕಲ್ಲು ಕೊಟ್ಟ ಉತ್ತರದ ಸಮೀಪಕ್ಕೆ ಫೋನೂ ಬರುತ್ತದೆ. ಕೆಲವು ಮೀಟರುಗಳ ವ್ಯತ್ಯಾಸ ಉಳಿದೇ ಉಳಿಯುವುದು: ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇದ್ದು ಕೆಳಗೆ ಒಂದೂ ಇಲ್ಲವಾದ್ದರಿಂದ, ಫೋನು ಸ್ಥಳವನ್ನು ಹೇಳುವಷ್ಟು ಖಚಿತವಾಗಿ ಎತ್ತರವನ್ನು ಹೇಳಲಾರದು.